ನಡುವೆ ಬಿಟ್ಟ ಮೂರು ದಿನ

ಗೆಳತಿಯರೇ, ಇವತ್ತು ಪಾಲಿಬೆಟ್ಟದ ಎಸ್ಟೇಟ್ ಆಫೀಸಿನಲ್ಲಿ ನನಗೆ ಇಂಗ್ಲಿಷ್ ಪಾಠವಾಯಿತು. ಹದಿನೆಂಟು ವರ್ಷ ಅಲ್ಲೇ ಲೆಕ್ಕ ಬರೆಯುವ ರೈಟರಾಗಿದ್ದ ನನ್ನ ಯಜಮಾನರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ಎಸ್ಟೇಟಿನ ಮನೆಯಲ್ಲೇ ಇರಲು ಬಿಡಿ ಎಂದು ಕೇಳಲು ಹೋಗಿದ್ದೆ.

ಹೆಡ್ ಕ್ಲರ್ಕ್ ಕಾಗದ ತೆಗೆದರು. "ಸರ್ವಿಸ್ 'ಕಂಟಿನ್ಯೂಯಸ್' ಆಗಿದ್ರೆ ಮಾತ್ರ ಮನೆಯವ್ರು ಒಂದು ವರ್ಷ ಇರ್ಬಹುದು ಅಮ್ಮ. ನಿಮ್ಮವರದ್ದು 'ಕಂಟಿನ್ಯೂಯಲ್' ಅಂತ ಬರ್ದಿದೆ."

"ಎರಡೂ ಒಂದೇ ಅಲ್ವಾ?"

"ಎಲ್ಲಿ ಒಂದೇ? ಮೊದಲ್ನೇದು ನಡುವೆ ಎಲ್ಲೂ ಬಿಡದೆ. ಎರಡ್ನೇದು ಬಿಟ್ಟು ಬಿಟ್ಟು, ಪದೇ ಪದೇ. ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ಮೂರು ದಿನ ಇರ್ತಿರ್ಲಿಲ್ಲ. ಪ್ರತಿ ಸಲ ಹಾಜರಿ ರೋಲಿಂದ ಹೆಸ್ರು ತೆಗ್ದು ಮತ್ತೆ ಸೇರ್ಸಿದೆ."

"ತಲಕಾವೇರಿಗೆ ಹೋಗ್ತಿದ್ದದ್ದು ನಿಮ್ಮ ಎಸ್ಟೇಟ್ ದೊರೆಗಳ ಮನೆಗೆ ತೀರ್ಥ ತರೋಕೆ. ಕಳಿಸ್ತಿದ್ದವ್ರೂ ಅವ್ರೇ."

"ಅದು ರೋಲಲ್ಲಿ ಇಲ್ವಲ್ಲ. ಬಿಳಿಯರು ಹೋಗಿ ಮಡಿಕೇರೀಲಿ ನಮ್ಮದೇ ಮಂತ್ರಿಗಳು ಬಂದ್ರೂ ಎಸ್ಟೇಟ್ ರೂಲ್ಸು ಹಳೇದೇ ಅಮ್ಮ" ಎಂದು ಅವರು ಕಾಗದ ಮಡಚಿದರು.

ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಯಜಮಾನರ ಈಗಿನ ಗೈರುಹಾಜರಿಗಾದರೂ ಆಫೀಸಿನವರು 'ಕಂಟಿನ್ಯೂಯಸ್' ಎಂದೇ ಬರೆದುಕೊಳ್ಳಲಿ. ಈ ಸಲ ನನ್ನವರು ನಡುವೆ ಒಂದು ದಿನವೂ ಹಿಂದಿರುಗಿ ಬರುವುದಿಲ್ಲ.