ಲೀಲಾವತಿ ಟೀಚರ್ ಮಾತಾಡಿಸಿದ ದಿನ

ಇಂದು ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ತನ್ನ ಮಗುವನ್ನು ನನ್ನ ಮಡಿಲಲ್ಲಿ ಕೂರಿಸಿ ಅಂಗಡಿಗೆ ಹೋದಳು. ಮಗುವಿನ ಬಾಯಲ್ಲಿ ಬಜೆಯ ಘಾಟು. ಅದು ಮೂಗಿಗೆ ಬಡಿದದ್ದೇ ನನಗೆ ಲೀಲಾವತಿ ಟೀಚರ್ ನೆನಪಾದರು. ಬಜೆಗೂ ಕಾಲೇಜಿನ ಟೀಚರಿಗೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ.

ಕೊಡಗು ಆಗ ಇನ್ನೂ ಪ್ರತ್ಯೇಕ ರಾಜ್ಯ. ನಾನೂ ಯಜಮಾನರೂ ಮಡಿಕೇರಿಯ ಕಾಲೇಜಿನಲ್ಲಿ ಓದುತ್ತಿದ್ದೆವು, ಅವರು ಬಿ.ಎ., ನಾನು ಇಂಟರ್‌ಮೀಡಿಯೆಟ್. ಗಂಡ ಹೆಂಡತಿ ಜೊತೆಯಾಗಿ ಕಾಲೇಜಿಗೆ ಹೋಗುವುದನ್ನು ಜನ ನಿಂತು ನೋಡುತ್ತಿದ್ದರು. ನನಗೋ, ಸೀರೆಯ ನೆರಿಗೆಗಿಂತ ಕೈಯಲ್ಲಿದ್ದ ಪುಸ್ತಕ ಎದ್ದು ಕಾಣಬೇಕೆಂಬ ಜಂಬ. ಒಂದೂವರೆ ವರ್ಷದ ಮಗಳು ನಮ್ಮೂರು ಗಾಳಿಬೀಡಿನಲ್ಲಿ ಅತ್ತೆಯ ಬಳಿ ಇದ್ದಳು. ಅತ್ತೆ ದಿನವೂ ಬಜೆಯ ಬೇರು ತೇದು ನೆಕ್ಕಿಸುತ್ತಿದ್ದರು, ಊರಿಗೆ ಹೋದಾಗಲೆಲ್ಲ ಮಗಳ ಬಾಯಲ್ಲಿ ಅದೇ ಘಾಟು.

ನನ್ನ ಪರೀಕ್ಷೆಯ ವಾರ ಮಗುವಿಗೆ ಜ್ವರ ಬಂತು. ಸುದ್ದಿ ತಿಳಿದ ಯಜಮಾನರು, ತೋಟದ ಕೆಲಸವಿದೆ ಎಂದು ನನಗೆ ಸುಳ್ಳು ಹೇಳಿ ಊರಿಗೆ ಹೋದರು. ಕೊನೆಯ ಪತ್ರಿಕೆ ಬರೆದು ಹೊರಬಂದಾಗ ಗೇಟಿನ ಬಳಿ ನಿಂತಿದ್ದರು. ಮಗುವನ್ನು ಮಣ್ಣು ಮಾಡಿ ಬಂದಿದ್ದರು.

ಆಮೇಲೆ ನಮ್ಮ ನಡುವೆ ಮಾತು ನಿಂತಿತು. ಊಟ ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು, ಅಷ್ಟೇ. ಇಬ್ಬರಿಗೂ ತರ್ಕಶಾಸ್ತ್ರ ಕಲಿಸಿದ್ದ ಲೀಲಾವತಿ ಟೀಚರ್ ಇದನ್ನು ಹೇಗೋ ಗಮನಿಸಿ, ಒಂದು ಸಂಜೆ ನಮ್ಮನ್ನು ಮನೆಗೆ ಕರೆದು ಎದುರುಬದುರು ಕೂರಿಸಿದರು.

"ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹಾಗೇ ತಿರುಗಿ ಹೇಳ್ಬೇಕು. ಉತ್ತರ ಆಮೇಲೆ," ಎಂದರು.

ಗಿಳಿಪಾಠ ಎಂದುಕೊಂಡೆ. ಯಜಮಾನರು ನೆಲ ನೋಡುತ್ತ ಹೇಳಿದರು: "ನಿನ್ನ ಪರೀಕ್ಷೆ ಕೆಡಬಾರ್ದು ಅಂತ ಹೇಳ್ಲಿಲ್ಲ. ಮಗು ಹುಷಾರಾಗ್ತದೆ ಅಂದ್ಕೊಂಡೆ."

"ಮಗು ಹುಷಾರಾಗ್ತದೆ ಅಂದ್ಕೊಂಡೆ" ಎಂದು ನನ್ನ ಬಾಯಿಂದ ಹೇಳುವಾಗ ಆ ಆಸೆ ನನ್ನದೇ ಎನಿಸಿತು. ಆದರೂ ನನ್ನ ಸರದಿ ಬಂದಾಗ ಸುಮ್ಮನಿರಲಿಲ್ಲ. "ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ."

ಅವರು ಅದನ್ನೂ ಒಂದಕ್ಷರ ಬಿಡದೆ ತಿರುಗಿ ಹೇಳಿದರು. ಟೀಚರ್ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಆ ಸಂಜೆಯಿಂದ ನಾವು ಮಾತಾಡಿದೆವು, ಬದುಕಿದೆವು, ಮಕ್ಕಳನ್ನೂ ಬೆಳೆಸಿದೆವು. ಕ್ಷಮಿಸಿದೆ ಎಂದು ಮಾತ್ರ ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಇವತ್ತು ಹುಡುಗಿ ಬಂದು ಮಗುವನ್ನು ಎತ್ತಿಕೊಂಡು ಹೋದ ಮೇಲೆ, ಎಂದೂ ಕೇಳದ್ದನ್ನು ಯಜಮಾನರನ್ನು ಕೇಳಿದೆ: "ಕೊನೇಲಿ ನಮ್ಮ ಮಗು ತುಂಬ ಅಳ್ತಿತ್ತಾ?"

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಅಳ್ಲಿಲ್ಲ. ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ ಕೇಳ್ತಿತ್ತು."

ಇಷ್ಟು ವರ್ಷ ಇದನ್ನೂ ಅವರು ನನ್ನಿಂದ ಮುಚ್ಚಿಟ್ಟಿದ್ದರು. ಈ ಸಲ ನನಗೆ ಕೋಪ ಬರಲಿಲ್ಲ.