ಗೋಡೆಗೇರಿದ ಉಲ್ಲೇಖ

ನನ್ನ ಮೊದಲ ಸಂಶೋಧನಾ ಲೇಖನ ಪ್ರಕಟವಾದಾಗ ಬ್ಯಾಡಗಿಯ ನಮ್ಮ ಮನೆಯಲ್ಲಿ ಯಾರಿಗೂ ಅದು ವಿಶೇಷವೆನಿಸಲಿಲ್ಲ. ಮೆಣಸಿನಕಾಯಿಯ ಕೆಂಪು ಬಣ್ಣದ ಸಾರವು ಇಲಿಗಳ ಹೊಟ್ಟೆಯ ಹುಣ್ಣನ್ನು ಶಮನಗೊಳಿಸಬಲ್ಲದೆಂದು ನಾನು ಬರೆದಿದ್ದೆ. "ಮೆಣಸಿನಕಾಯಿ ತಿಂದ್ರ ಹುಣ್ಣು ಆಗ್ತಾವು. ಇಕಿ ನೋಡಿದ್ರ ಹೋಗ್ತಾವು ಅಂತಾಳ!" ಎಂದು ಅವ್ವ ನಕ್ಕಿದ್ದಳು.

ಕೆಲ ಕಾಲದ ನಂತರ ವಿದೇಶದ ಸಂಶೋಧಕರು ತಮ್ಮ ಲೇಖನದಲ್ಲಿ ನನ್ನದನ್ನು ಉಲ್ಲೇಖಿಸಿರುವುದು ತಿಳಿಯಿತು. ಎಷ್ಟು ಬರೆದೆವು ಎಂಬುದಕ್ಕಿಂತ, ಬರೆದದ್ದನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬುದಕ್ಕೇ ವಿಜ್ಞಾನದಲ್ಲಿ ತೂಕ ಹೆಚ್ಚೆಂದು ಮಾರ್ಗದರ್ಶಕರು ಹೇಳಿದ್ದರು. ಆ ಲೇಖನವನ್ನು ಓದುವ ಮೊದಲೇ ನಾನು ಸಂಭ್ರಮದಿಂದ ಅಪ್ಪನಿಗೆ ಫೋನು ಮಾಡಿದೆ. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಅಪ್ಪ ಇಂಗ್ಲಿಷ್ ಓದಿದವನಲ್ಲ. ಆದರೂ ಹಾವೇರಿಯ ಸೈಬರ್ ಕೆಫೆಯೊಂದರಲ್ಲಿ ಆ ಪುಟವನ್ನು ಮುದ್ರಿಸಿಕೊಂಡು, ನನ್ನ ಹೆಸರಿದ್ದ ಸಾಲಿಗೆ ಕೆಂಪು ಗೆರೆ ಎಳೆಸಿ, ಗಾಜಿನ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಲಕ್ಷ್ಮಿಯ ಫೋಟೋದ ಪಕ್ಕಕ್ಕೆ ತೂಗುಹಾಕಿದ.

ಅದನ್ನು ನಾನು ಊರಿಗೆ ಬಂದು ಕಂಡದ್ದು, ರಾಣೆಬೆನ್ನೂರಿನಿಂದ ನನ್ನನ್ನು ನೋಡಲು ವರನ ಕಡೆಯವರು ಬರಲಿದ್ದ ದಿನ. ಮದುವೆಯಾದ ಮೇಲೂ ಸಂಶೋಧನೆ ಮುಂದುವರಿಸಲು ಒಪ್ಪುವ ಮನೆಯಾಗಬೇಕು ಎಂಬುದೊಂದೇ ನನ್ನ ಷರತ್ತಾಗಿತ್ತು.

"ನೀ ಏನೂ ಬಾಯಿ ಬಿಡಬ್ಯಾಡ. ಗ್ವಾಡಿ ಮ್ಯಾಲಿಂದ ಅದ ಮಾತಾಡತೈತಿ" ಎಂದ ಅಪ್ಪ.

ಕೆಂಪು ಗೆರೆಯ ಸಾಲನ್ನು ಆಗಲೇ ಮೊದಲ ಬಾರಿ ಓದಿದೆ. ನಾನು ಹೇಳಿದ ಪರಿಣಾಮವು ತಮ್ಮ ಪ್ರಯೋಗದಲ್ಲಿ ಕಂಡುಬರಲಿಲ್ಲವೆಂದು ಅವರು ಬಹು ಸೌಜನ್ಯದಿಂದ ಬರೆದಿದ್ದರು.

"ಅಪ್ಪಾ, ಅದನ್ನ ಲಗೂನ ಇಳಸು" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

ಹುಡುಗನ ತಾಯಿ ಕುಳಿತಲ್ಲಿಂದಲೇ ಎಲ್ಲವನ್ನೂ ಪರೀಕ್ಷಿಸಿದರು. ಅವರ ಕಣ್ಣಿಗೆ ಮೆಟ್ಟಿಲು ಎತ್ತರವಾದವು, ನನ್ನ ಕನ್ನಡಕ ದಪ್ಪವಾಯಿತು. "ಉಪ್ಪಿಟ್ಟಿಗೆ ಒಂದೀಟ ಉಪ್ಪು ಕಮ್ಮಿ ಆಗೇತಿ ನೋಡವಾ" ಎಂದರು. ನಾನು ಕುಗ್ಗುತ್ತ ಹೋದಂತೆ ಅಪ್ಪನ ಮುಖ ಮಾತ್ರ ಅರಳುತ್ತಿತ್ತು. ಕಾರಣ ನನಗೆ ತಿಳಿಯಲಿಲ್ಲ.

ಹುಡುಗ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದವರು, ಕೃಷಿ ಪದವೀಧರರು. ಎದ್ದು ಹೋಗಿ ಗೋಡೆಯ ಮುಂದೆ ನಿಂತರು. ಓದಿದರು. ತಿರುಗಿ ನನ್ನನ್ನು ನೋಡಿದರು.

"ಹೆಂಗೈತ್ರಿ? ಹೊರದೇಶದಾಗ ನಮ್ಮ ಹುಡುಗಿ ಹೆಸರು ತಗೊಂಡಾರ" ಎಂದ ಅಪ್ಪ.

ಹುಡುಗ ಗೋಡೆಯಿಂದ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಉತ್ತರವನ್ನು ನನಗೇ ಬಿಟ್ಟುಕೊಟ್ಟಂತಿತ್ತು. ನಾನು ಪುಸ್ತಕದ ಭಾಷೆಯಲ್ಲೇ, ತಡವರಿಸುತ್ತ ಹೇಳಿದೆ: "ನನ್ನ ಫಲಿತಾಂಶ ತಮಗೆ ದೊರೆಯಲಿಲ್ಲವೆಂದು ಅವರು ಬರೆದಿದ್ದಾರೆ. ಅದು ಹೊಗಳಿಕೆಯಲ್ಲ."

ಅಪ್ಪ ಖುಷಿಯಿಂದ ತೊಡೆ ತಟ್ಟಿದ.

"ಅಂದ್ರ ತಕರಾರು ತಗದಾರ! ಪೇಟ್ಯಾಗ ತಗೊಳ್ಳೋ ಮನಸಿಲ್ಲದಾಂವ ರಾಶಿ ಮುಂದ ನಿಂದ್ರೂದಿಲ್ಲ. ಮೆಣಸಿನಕಾಯಿ ಮುರದು, ಮೂಸಿ, 'ಬಣ್ಣ ಕಮ್ಮಿ ಐತಿ' ಅಂದಾಂವನ ಖರೇ ಗಿರಾಕಿ."

ಹುಡುಗನ ತಾಯಿ ಕಣ್ಣು ಕಿರಿದಾಗಿಸಿದರು. "ಹಂಗಾರ ನಾ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದದ್ದು?"

"ಅದಕ್ಕ ನಾ ಆಗಿಂದ ಖುಷಿಯಾಗಿ ಕುಂತೇನ್ರಿ ಅಕ್ಕಾರ!"

ಮೊದಲು ನಕ್ಕವರು ಅವರೇ. ನಗು ಇಳಿದ ಮೇಲೆ ನನ್ನತ್ತ ತಿರುಗಿ, "ಈಗ ಏನ ಮಾಡ್ತೀಯವಾ?" ಎಂದರು.

"ಮತ್ತೊಮ್ಮೆ ಪ್ರಯೋಗ ಮಾಡಿ ನೋಡಬೇಕು. ಕಾಲಾವಕಾಶ ಬೇಕಾಗುತ್ತದೆ."

"ನಮ್ಮಲ್ಲೂ ಹಂಗ ಬಿಡವ್ವಾ" ಎಂದು ಹುಡುಗ ತಾಯಿಗೆ ಹೇಳಿದರು. "ಒಂದ ಬೀಜ ಎಲ್ಲಾರ ಹೊಲದಾಗೂ ಒಂದ ನಮೂನಿ ಬರೂದಿಲ್ಲ. ತಿರುಗಿ ಹಾಕೇ ನೋಡಬೇಕು."

ಅವರ ತಾಯಿ ಸೆರಗು ಸರಿಪಡಿಸಿಕೊಂಡರು. "ಮಾಡವಾ, ಮದುವಿ ಆದಮ್ಯಾಲೂ ಮಾಡು. ಇಲಿ ಮಾತ್ರ ಮನಿಗೆ ತರಬ್ಯಾಡ. ನಮ್ಮ ಮನಿತುಂಬ ಬೀಜದ ಚೀಲ ಅದಾವು."

ನಾನು ನಗುತ್ತ ತಲೆಯಾಡಿಸಿದೆ.

ಮದುವೆಯ ನಂತರ ಪ್ರಯೋಗವನ್ನು ಪುನಃ ಮಾಡಿದೆ. ಸಾರ ಅಲ್ಪ ಪ್ರಮಾಣದಲ್ಲಿ ಗುಣಕಾರಿ, ವಿದೇಶಿಯರು ಕೊಟ್ಟಷ್ಟು ಹೆಚ್ಚಾದರೆ ನಿಷ್ಫಲ ಎಂದು ತಿಳಿಯಿತು. ಎರಡನೆಯ ಲೇಖನವನ್ನು ಅದೇ ವಿದೇಶಿಯರು ಉಲ್ಲೇಖಿಸಿದರು. ಆ ಸುದ್ದಿಯನ್ನು ರಾಣೆಬೆನ್ನೂರಿನ ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ.

ಅವರು ಒಲೆಯಿಂದ ಕಣ್ಣೆತ್ತದೆ ಕೇಳಿದರು: "ಈ ಸಲ ಶಾಬಾಸೋ, ತಕರಾರೋ?"

"ಎರಡೂ ಸ್ವಲ್ಪ ಸ್ವಲ್ಪ ಇವೆ, ಅತ್ತಿ."

"ಹಂಗಾರ ಕಟ್ಟು ಹಾಕಸು. ಇದು ನಮ್ಮ ಗ್ವಾಡಿಗೆ."