ಹಳೆಯ ಸ್ಲೀಪರಿನ ಕಾಲುಸಂಕ

ಸತ್ತವರ ಸುಳಿವು ಸಿಕ್ಕಿತು, ಸದ್ದು ಕೇಳಿಸಿತು ಎಂಬ ಮಾತನ್ನು ನಾನು ಯಾವತ್ತೂ ಕಿವಿಗೆ ಹಾಕಿಕೊಂಡವನಲ್ಲ. ಅಂಥ ಕಥೆ ಶುರುವಾದರೆ ಎದ್ದು ಹೋಗಿಬಿಡುತ್ತಿದ್ದೆ. ಇಲ್ಲವೇ ಹೇಳುವವರಿಗೆ ನಾಲ್ಕು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ಅರ್ಧಕ್ಕೇ ಎದ್ದು ಹೋದರೆ ನಿಮ್ಮ ಮೇಲೆ ನನಗೆ ಬೇಸರವೇನಿಲ್ಲ.

ನನ್ನ ಊರು ಕೊಪ್ಪ, ಕೆಲಸ ರೈಲ್ವೆಯಲ್ಲಿ. ನಮ್ಮ ಕಡೆ ಇವತ್ತು ಒಂದು ಗೇಣು ಹಳಿಯೂ ಇಲ್ಲ. ಹಾಗಾಗಿ ರಜೆಗೆ ಬಂದಾಗಲೆಲ್ಲ ಪೇಟೆಯಲ್ಲಿ "ನಿಮ್ಮ ರೈಲು ಬಸರೀಕಟ್ಟೆಗೆ ಯಾವಾಗ ಬರ್ತದೆ ಮಾರಾಯ್ರೆ?" ಎಂದು ಕಾಲೆಳೆಯುವವರು ಇದ್ದೇ ಇರುತ್ತಾರೆ. ಆದರೆ ನಾನು ರೈಲು ಓಡಿಸುವವನಲ್ಲ. ಶಿವಮೊಗ್ಗದ ಕಡೆಯ ಮಾರ್ಗದಲ್ಲಿ ಯಾವ ಹಳಿಯನ್ನು ಈ ವರ್ಷ ಬದಲಿಸಬೇಕು, ಯಾವ ಸೇತುವೆಗೆ ಯಾವಾಗ ಕೈ ಹಾಕಬೇಕು, ಯಾವುದನ್ನು ದುರಸ್ತಿ ಮಾಡಿಕೊಂಡೇ ಇನ್ನೆರಡು ಮಳೆಗಾಲ ತಳ್ಳಬಹುದು ಎಂದು ಮುಂಚಿತವಾಗಿ ಯೋಚಿಸಿಡುವುದು ನನ್ನ ಕೆಲಸ. ಹಳತಾದದ್ದನ್ನು ತೆಗೆಸುವಾಗ ನಾನು ಹಿಂದೆಮುಂದೆ ನೋಡಿದವನಲ್ಲ.

ತಂಗಿ ವನಜಳ ಗಂಡ ಶೇಖರ ಅದೇ ಮಾರ್ಗದಲ್ಲಿ ಕೀಮ್ಯಾನ್ ಆಗಿದ್ದ. ದಿನಾ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯಬೇಕು. ಹಳಿಯನ್ನು ಹಿಡಿದಿಟ್ಟ ಕೀಲುಗಳು ಸಡಿಲಾಗಿದ್ದರೆ ಬಡಿದು ಬಿಗಿ ಮಾಡಬೇಕು. ಅವನದ್ದೊಂದು ಅಭ್ಯಾಸ, ಪ್ರತಿ ಕೀಲಿಗೂ ಒಂದು ಏಟು ಜೋರಾಗಿ, ಇನ್ನೊಂದು ಮೆಲ್ಲಗೆ. "ಮೊದಲಿಂದು ಬಿಗಿ ಮಾಡೋಕೆ ಭಾವ, ಎರಡನೇದು ಅದು ಎಂತ ಹೇಳ್ತದೆ ಅಂತ ಕೇಳೋಕೆ" ಎನ್ನುತ್ತಿದ್ದ. ಮಾತಿಗಿಂತ ಮುಂಚೆ ನಗುವ ಮನುಷ್ಯ. ಒಂದು ಬೆಳಿಗ್ಗೆ ತನ್ನ ದಾರಿಯ ಸಣ್ಣ ಸೇತುವೆಯ ಮೇಲೆ ಎದೆನೋವು ಬಂದು ಕೂತವನು ಮತ್ತೆ ಏಳಲಿಲ್ಲ. ರೈಲು ಬಂದಾಗ ಪಕ್ಕಕ್ಕೆ ಸರಿದು ನಿಲ್ಲಲು ಅಲ್ಲೊಂದು ಪುಟ್ಟ ಕಟಕಟೆ ಇದೆ, ಅದಕ್ಕೆ ಒರಗಿಕೊಂಡಿದ್ದನಂತೆ. ಅವರಿಗೆ ಮಕ್ಕಳಿರಲಿಲ್ಲ. ವನಜ ಕ್ವಾರ್ಟರ್ಸ್ ಬಿಟ್ಟು, ಮುತ್ತಿನಕೊಪ್ಪದ ಹತ್ತಿರ ಶೇಖರನ ಅಣ್ಣ ನಾಗರಾಜನ ಮನೆಗೆ ಹೊಲಿಗೆ ಮೆಷಿನ್ ಸಮೇತ ಬಂದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅದೇ ನನಗೆ ಹೆಚ್ಚು ಸಂಕಟ.

ಆ ಸೇತುವೆಯಲ್ಲಿ ಹಳಿಯ ಅಡಿಗೆ ಅಡ್ಡಲಾಗಿ ಇದ್ದದ್ದು ಹಳೇ ಕಾಲದ ದಪ್ಪ ಮರದ ದಿಮ್ಮಿಗಳು, ಅಂದರೆ ಸ್ಲೀಪರುಗಳು. ಅವನ್ನು ತೆಗೆದು ಉಕ್ಕಿನವನ್ನು ಹಾಕಿಸುವುದು ಮೊದಲೇ ನಿಶ್ಚಯವಾಗಿತ್ತು. ಅವನು ಹೋದ ಮರುವರ್ಷ ಆ ಕೆಲಸ ನಡೆಯಿತು. ಸುದ್ದಿ ಕೇಳಿದ ವನಜ, "ಆ ಮರ ಎಂತ ಮಾಡ್ತಾರೆ ಅಣ್ಣ?" ಎಂದಳು. ಹರಾಜು ಹಾಕುತ್ತಾರೆ ಎಂದೆ. ಅವಳ ಒತ್ತಾಯಕ್ಕೆ ನಾಗರಾಜ ಹರಾಜು ಹಿಡಿದ ವ್ಯಾಪಾರಿಯನ್ನು ಹುಡುಕಿಕೊಂಡು ಹೋಗಿ ಒಂದಷ್ಟು ಸ್ಲೀಪರು ಹೇರಿಸಿಕೊಂಡು ಬಂದ. ಮನೆಗೂ ರಸ್ತೆಗೂ ನಡುವಿನ ಹಳ್ಳಕ್ಕೆ ಎರಡು ಕಬ್ಬಿಣದ ತೊಲೆ ಹಾಕಿ, ಮೇಲೆ ಇವನ್ನು ಸಾಲಾಗಿ ಜೋಡಿಸಿದರು. ಒಳ್ಳೆಯ ಕಾಲುಸಂಕವೇ ಆಯಿತು. ಅಕ್ಕಪಕ್ಕದ ಮನೆಗಳ ಶಾಲೆ ಮಕ್ಕಳೂ ಅದರ ಮೇಲೆಯೇ ಓಡಾಡತೊಡಗಿದರು.

ಕೆಲವು ತಿಂಗಳ ನಂತರ ವನಜ ಹೇಳಿದಳು, "ಆ ಸೇತುವೆ ಮೇಲೆ ಮಧ್ಯಾಹ್ನದ ರೈಲು ಹೋಗೋ ಹೊತ್ತಿಗೆ ಈ ಸಂಕ ನಡುಗ್ತದೆ ಅಣ್ಣ." ರೈಲಿನ ಹಾದಿ ಎಲ್ಲಿ, ಈ ಹಳ್ಳ ಎಲ್ಲಿ! ನಡುವೆ ಎಷ್ಟು ಕಾಡು, ಎಷ್ಟು ಗುಡ್ಡ. ಯಾವುದೋ ಕಲ್ಲುಕ್ವಾರಿಯ ಸಿಡಿತ ಇರಬೇಕು ಎಂದೆ. "ಇರಬಹುದು" ಎಂದು ಅವಳು ಮೆಷಿನ್ ತುಳಿಯತೊಡಗಿದಳು. ಆದರೆ ದಿನವೂ ಆ ಹೊತ್ತಿಗೆ ಅವಳು ಬರಿಗಾಲಲ್ಲಿ ಸಂಕದ ಮೇಲೆ ಹೋಗಿ ನಿಲ್ಲುತ್ತಾಳೆಂದು ನಾಗರಾಜನ ಹೆಂಡತಿ ನನಗೆ ಗುಟ್ಟಾಗಿ ತಿಳಿಸಿದರು.

ಹೀಗೆಯೇ ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ನಾಗರಾಜನ ಫೋನ್ ಬಂತು. "ಸಂಕದ ಮರ ಕುಂಬಾಗಿದೆ ಭಾವ, ಕೊಳೀತಾ ಬಂದಿದೆ. ಮಕ್ಕಳು ಓಡಾಡೂ ಜಾಗ. ಮಳೆ ಹಿಡಿಯೋದ್ರೊಳಗೆ ಸ್ಲ್ಯಾಬ್ ಹಾಕ್ಸೂದು ಅಂತ ಇದ್ದೆ. ವನಜ ಬಿಡೂದಿಲ್ಲ. ಅಣ್ಣ ಬಂದು ನೋಡಿ ಹೇಳಿದ್ರೆ ಮಾತ್ರ ತೆಗೀರಿ ಅಂತಾಳೆ." ಅಂದರೆ ಭಾರವೆಲ್ಲ ನನ್ನ ತಲೆಗೇ ಬಂತು.

ನಾನೊಂದು ಉಪಾಯ ಹೂಡಿದೆ. ಹಳಿ ಬದಲಿಸುವಾಗ ಕೆಲವು ಗಂಟೆ ರೈಲುಗಳನ್ನು ತಡೆದು ನಿಲ್ಲಿಸುತ್ತೇವೆ, ಅದಕ್ಕೆ ಬ್ಲಾಕ್ ಎನ್ನುತ್ತೇವೆ. ಆ ಮಾರ್ಗದಲ್ಲಿ ಅಂಥದೊಂದು ಬ್ಲಾಕ್ ಮಧ್ಯಾಹ್ನಕ್ಕೆ ಇದ್ದ ದಿನವನ್ನೇ ಆರಿಸಿಕೊಂಡೆ. ರೈಲು ಇಲ್ಲದಾಗಲೂ ಸಂಕ ನಡುಗಿದರೆ, ಅದು ಕ್ವಾರಿಯದ್ದೇ ಎಂದು ಅವಳಿಗೆ ತೋರಿಸಬಹುದು. ಆಮೇಲೆ ಅವಳೇ ಆಸೆ ಬಿಡುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಬ್ಲಾಕಿನ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹಿಂದಿನ ದಿನ ಮಧ್ಯಾಹ್ನವೇ ಹೋದೆ. ಚಪ್ಪಲಿ ಬಿಟ್ಟು ನಿಂತಾಗ, ನಿಜ ಹೇಳುತ್ತೇನೆ, ಸಂಕ ನಡುಗಿತು. ಹಳಿಯ ಪಕ್ಕ ನಿಂತೇ ಕೂದಲು ನೆರೆಸಿಕೊಂಡವನಿಗೆ ಆ ನಡುಕ ಪರಿಚಯವಿಲ್ಲದ್ದಲ್ಲ. ಕ್ವಾರಿ, ಕ್ವಾರಿ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೇ ದಿನ ಅದೇ ಹೊತ್ತಿಗೆ ಇಬ್ಬರೂ ಹೋದೆವು. ಹಳ್ಳ ಒಣಗಿತ್ತು. ಎಲೆ ಅಲ್ಲಾಡದಷ್ಟು ಸೆಕೆ. ವನಜ ನಡುವೆ ನಿಂತಳು, ನಾನು ರಸ್ತೆಯ ಕಡೆಗೆ ನಿಂತೆ. ರೈಲಿನ ಹೊತ್ತಾಯಿತು, ಮೀರಿತು. ಏನೂ ಇಲ್ಲ. ಮರ ಮರವಾಗಿಯೇ ಇತ್ತು. ವನಜ ತಲೆ ಎತ್ತಿ, "ಇವತ್ತು ರೈಲು ಬಿಟ್ಟಿಲ್ಲನಾ ಅಣ್ಣ?" ಎಂದಳು.

ಆಗಲೇ ನನ್ನ ಹಿಂದಿನ ಸ್ಲೀಪರಿನಲ್ಲಿ ಒಂದು ಏಟು ಬಿದ್ದಂತಾಯಿತು. ಕಿವಿಗೆ ಕೇಳಿದ್ದಲ್ಲ, ಅಂಗಾಲಿಗೆ ತಿಳಿದದ್ದು. ಒಂದು ಜೋರು, ಒಂದು ಮೆಲ್ಲಗೆ. ಸ್ವಲ್ಪ ಬಿಟ್ಟು ನನ್ನ ಕಾಲಡಿಯ ಮರದಲ್ಲಿ, ಆಮೇಲೆ ಅದರಾಚೆಯದರಲ್ಲಿ. ಒಬ್ಬ ಮನುಷ್ಯ ಅವಸರವಿಲ್ಲದೆ ನಡೆಯುತ್ತ ಹೋದ ಹಾಗೆ ಅದು ವನಜಳ ಕಡೆಗೆ ಹೋಯಿತು. ಬಗ್ಗಿ ನೋಡಿದೆ. ಸಂಕದ ಕೆಳಗೆ ಒಣಕಲ್ಲು ಬಿಟ್ಟರೆ ಏನೂ ಇರಲಿಲ್ಲ. ವನಜ ನಿಂತ ಮರಕ್ಕೆ ಬಂದಾಗ ಅದು ಮುಂದೆ ಹೋಗಲಿಲ್ಲ. ಒಂದು ಜೋರು, ಒಂದು ಮೆಲ್ಲಗೆ. ಮತ್ತೆ ಒಂದು ಜೋರು, ಒಂದು ಮೆಲ್ಲಗೆ. ಅಲ್ಲಿಗೆ ನಿಂತುಹೋಯಿತು. ವನಜ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮರದಿಂದ ಪಕ್ಕಕ್ಕೆ ಸರಿದು, "ಇದು ಕೆಟ್ಟಿದೆ, ನೋಡು" ಎಂದಳು.

ಹಾರೆ ತಂದು ಚುಚ್ಚಿದೆ. ಮೇಲೆ ಗಟ್ಟಿಯಾಗಿ ಕಾಣುತ್ತಿದ್ದ ಮರದೊಳಗೆ ಹಾರೆ ಸಲೀಸಾಗಿ ಇಳಿಯಿತು.

ಕೆಲಸದ ಜಾಗದಲ್ಲಿದ್ದ ಸಹೋದ್ಯೋಗಿಗೆ ಫೋನ್ ಮಾಡಿ, ಶೇಖರ ಹೋದ ಆ ಸೇತುವೆಯ ಮೇಲೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. "ಇಲ್ಲ ಸಾರ್, ಕೆಲಸ ಎಲ್ಲ ಈಚೆ ಕಡೆ. ಯಾಕೆ ಸಾರ್?" ಎಂದ. ಸುಮ್ಮನೆ ಕೇಳಿದೆ ಎಂದು ಫೋನ್ ಇಟ್ಟೆ.

ತೆಗೆಯಬೇಕು ಎಂದು ನಾನು ಹೇಳಲೇಬೇಕಾಯಿತು. ವನಜ ಒಪ್ಪಿದಳು. ಎತ್ತುವಾಗ ಹೆಚ್ಚಿನ ಸ್ಲೀಪರುಗಳು ಕೈಯಲ್ಲೇ ಪುಡಿಯಾದವು, ಇಟ್ಟುಕೊಳ್ಳಲು ಒಂದೂ ಉಳಿಯಲಿಲ್ಲ. ಈಗ ಅಲ್ಲಿ ಗಟ್ಟಿಮುಟ್ಟಾದ ಸ್ಲ್ಯಾಬ್ ಇದೆ. ಹೋದಾಗಲೆಲ್ಲ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ, ಏನೂ ತಿಳಿಯುವುದಿಲ್ಲ. ಮರ ಬಿಸಿಲಿಗೆ ಹಿಗ್ಗಿ ಅದುರಿರಬಹುದು ಎಂದು ಒಂದು ದಿನ ಅನ್ನಿಸುತ್ತದೆ, ಹಾಗಿದ್ದರೆ ಅದು ನಡೆದದ್ದು ಹೇಗೆ ಎಂದು ಮತ್ತೊಂದು ದಿನ. ನನ್ನ ವಿದ್ಯೆಯಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ.

ಮರ ಎತ್ತಿದ ದಿನ ಸಂಜೆ ನಾನು ಹೊರಡಲು ನಿಂತಿದ್ದೆ. ಹಳ್ಳದ ಮೇಲೆ ಬರೀ ಎರಡು ತೊಲೆ ಉಳಿದಿದ್ದವು. ವನಜ ಅದನ್ನೇ ನೋಡುತ್ತಿದ್ದವಳು, ಶೇಖರ ಇದ್ದಾಗ ಎಷ್ಟೋ ಸಲ ಕೇಳಿದ ಹಾಗೆಯೇ ಕೇಳಿದಳು, "ಅಣ್ಣ, ನಾಳೆಯಿಂದ ಇವ್ರಿಗೆ ಎಲ್ಲಿ ಡ್ಯೂಟಿ?"

ನಾನು ಹೇಳುತ್ತೇನೆಂದು ಕಾಯುತ್ತ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.